ಪುಸ್ತಕದ ಹಣೆಯ ಮೇಲಿನ ಹೆಸರು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೆಳಗಾಯಿತೆಂದರೆ ಮನೆಮನೆಯಿಂದಲೂ ರೊಟ್ಟಿ ತಟ್ಟುವ ಸಪ್ಪಳ ಕೇಳಿಬರುತ್ತದೆ. ಆ ಜೋಳ ನಮ್ಮದೇ ಎಂದು ನಾವು ತಿಳಿದಿದ್ದೇವೆ. ಹಾಗೆ ತಿಳಿಯುವುದರಲ್ಲಿ ತಪ್ಪೇನೂ ಇಲ್ಲ. ತಲೆತಲಾಂತರದಿಂದ ಬೆವರು ಸುರಿಸಿ ಬೆಳೆದ ಕಾಳು ನಮ್ಮದಾಗದೆ ಇನ್ನಾರದಾದೀತು? ಆದರೂ ಸಸ್ಯಶಾಸ್ತ್ರ ಬಲ್ಲವರನ್ನು ಕೇಳಿ ನೋಡಿ. ಜೋಳದ ತವರುಮನೆ ಈಶಾನ್ಯ ಆಫ್ರಿಕ, ಇಂದಿನ ಸೂಡಾನಿನ ಸುತ್ತುಮುತ್ತಣ ಬಯಲು ಎಂದು ಅವರು ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಆ ಕಾಳು ನಮ್ಮ ಎರೆಮಣ್ಣಿಗೆ ಒಗ್ಗಿ, ಬಿಳಿಜೋಳವಾಗಿ ಮನೆಮಗಳಂತೆ ನಿಂತುಬಿಟ್ಟಿತು.

ಆ ಋಣವನ್ನು ನಾವು ತೀರಿಸದೆ ಬಿಟ್ಟಿಲ್ಲ. ತೊಗರಿಯ ಹುಟ್ಟೂರು ನಮ್ಮ ದೇಶ. ಇಲ್ಲಿಂದ ಹೊರಟ ಆ ಬೇಳೆ ಪೂರ್ವ ಆಫ್ರಿಕದ ಹೊಲಗಳಲ್ಲಿ ಬೇರುಬಿಟ್ಟಿತು. ಈಗ ಮೊಜಾಂಬಿಕ್, ಮಲಾವಿ, ಟಾಂಜಾನಿಯಾಗಳಿಂದ ಹಡಗಿನಲ್ಲಿ ಮರಳಿ ನಮ್ಮ ಬಂದರುಗಳಿಗೇ ಬರುತ್ತಿದೆ. ೨೦೧೬ರಲ್ಲಿ ಭಾರತ ಸರಕಾರ ಮೊಜಾಂಬಿಕ್‌ನೊಡನೆಯೂ ೨೦೨೧ರಲ್ಲಿ ಮಲಾವಿಯೊಡನೆಯೂ ಬೇಳೆಕಾಳಿನ ಒಪ್ಪಂದ ಮಾಡಿಕೊಂಡಿತು. ಕಲಬುರಗಿಯ ಅಡತಿ ಅಂಗಡಿಯಲ್ಲಿ ಕುಳಿತ ರೈತ 'ಹೊರಗಿನ ಮಾಲು ಬಂದಿದೆ, ದರ ಇಳಿದಿದೆ' ಎಂಬ ಮಾತು ಕೇಳಿ ನಿಟ್ಟುಸಿರುಬಿಡುವಾಗ, ಆಫ್ರಿಕ ಖಂಡ ಅವನ ಪಾಲಿಗೆ ಭೂಗೋಳದ ಪಾಠವಾಗಿ ಉಳಿದಿರುವುದಿಲ್ಲ. ಅವನ ಲೆಕ್ಕದ ಪುಸ್ತಕದೊಳಕ್ಕೇ ಬಂದಿರುತ್ತದೆ.

ಈಗ ಒಂದು ಪ್ರಶ್ನೆ. ಆ ರೈತನ ಮಗಳೋ ಮಗನೋ ಕಾಲೇಜಿಗೆ ಹೋಗಿ, 'ಆಫ್ರಿಕಕ್ಕೂ ನಮಗೂ ಏನು ಸಂಬಂಧ? ಆ ಜನ ಯಾರು? ಅವರ ಚರಿತ್ರೆ ಏನು?' ಎಂದು ತಿಳಿಯಲು ಗ್ರಂಥಾಲಯದ ಮೆಟ್ಟಿಲು ಹತ್ತಿದರೆನ್ನಿ. ಪುಸ್ತಕವೇನೋ ಅಲ್ಲಿರಬಹುದು. ಆದರೆ ಯಾವ ಹೆಸರಿನಿಂದ ಕೇಳಿದರೆ ಅದು ಕೈಗೆ ಸಿಕ್ಕೀತು? ನಾನಿಲ್ಲಿ ಹೇಳಹೊರಟಿರುವುದು ಆ ಹೆಸರಿನ ಕಥೆ. ಗ್ರಂಥಪಾಲರು ಅದನ್ನು ವಿಷಯ ಶೀರ್ಷಿಕೆ ಎಂದು ಕರೆಯುತ್ತಾರೆ. ನೋಡುವುದಕ್ಕೆ ಒಂದೆರಡು ಪದಗಳ ಸಣ್ಣ ಚೀಟಿ. ಆದರೆ ಅದಕ್ಕೂ ಒಂದು ಚರಿತ್ರೆಯಿದೆ, ಅದರಲ್ಲಿ ನೋವೂ ಇದೆ, ನ್ಯಾಯವೂ ಇದೆ.

ಮೊದಲು ಈ ಶೀರ್ಷಿಕೆ ಏನೆಂಬುದನ್ನು ನೋಡೋಣ. ಒಂದು ಪುಸ್ತಕ ಕಪಾಟಿನಲ್ಲಿ ಒಂದೇ ಜಾಗದಲ್ಲಿ ನಿಲ್ಲಬಲ್ಲುದು. ಆದರೆ ಅದನ್ನು ಹುಡುಕಿಕೊಂಡು ಬರುವವರು ನಾಲ್ಕು ದಾರಿಗಳಿಂದ ಬರುತ್ತಾರೆ. ಬರೆದವರ ಹೆಸರು ಬಲ್ಲವನು ಒಂದು ದಾರಿ ಹಿಡಿದರೆ, ಪುಸ್ತಕದ ಹೆಸರು ಬಲ್ಲವನು ಇನ್ನೊಂದು ದಾರಿ ಹಿಡಿಯುತ್ತಾನೆ. ಇವೆರಡನ್ನೂ ಅರಿಯದೆ, 'ಇಂಥ ವಿಷಯದ ಮೇಲೆ ಏನಾದರೂ ಇದೆಯೇ?' ಎಂದು ಕೇಳುವವರೇ ಬಹುಮಂದಿ. ಅವರಿಗಾಗಿ ಗ್ರಂಥಪಾಲನು ಪುಸ್ತಕವನ್ನು ಓದಿ ನೋಡಿ, ಅದರ ವಸ್ತುವನ್ನು ಒಂದು ಪದದಲ್ಲೋ ಎರಡು ಪದಗಳಲ್ಲೋ ಹಿಡಿದು, ಸೂಚಿಯಲ್ಲಿ ಬರೆದಿಡುತ್ತಾನೆ. ಒಂದೇ ವಸ್ತುವಿಗೆ ಹಲವು ಹೆಸರುಗಳಿದ್ದರೆ, ಒಂದನ್ನು ಮುಖ್ಯವೆಂದು ಆರಿಸಿ, ಉಳಿದವುಗಳ ಮುಂದೆ 'ಇದಕ್ಕಾಗಿ ಅಲ್ಲಿ ನೋಡಿ' ಎಂದು ಕೈತೋರಿಸುತ್ತಾನೆ.

ನಮ್ಮ ಮೂರು ತಾಲ್ಲೂಕುಗಳಿಂದಲೇ ಉದಾಹರಣೆ ತೆಗೆದುಕೊಳ್ಳಬಹುದು. ಶಿವಶರಣ ಏಕಾಂತದ ರಾಮಯ್ಯನ ಊರು ಅಬ್ಬಲೂರಿನ ಶಾಸನದಲ್ಲಿ ಅಲಂದೆ ಎಂದಿದೆ. ಇಂದಿನ ನಕಾಶೆಯಲ್ಲಿ ಅದು ಆಳಂದ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಮರಾಠಿಯ ಗುರುಚರಿತ್ರೆಯಲ್ಲಿ ಗಂಧರ್ವಪುರವೆಂಬ ಹೆಸರುಂಟು. ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳನ್ನು ಕೆಲವರು ಕವಿಯ ಹೆಸರಿನಿಂದ ಹುಡುಕಿದರೆ, ಕೆಲವರಿಗೆ 'ಅಖಂಡೇಶ್ವರ' ಎಂಬ ಅಂಕಿತವೊಂದೇ ಗೊತ್ತಿರುತ್ತದೆ. ಸೂಚಿಯಲ್ಲಿ ಕೈತೋರಿಸುವ ಆ ಚೀಟಿ ಇಲ್ಲದೆಹೋದರೆ, ಅಲಂದೆಯೆಂದು ಕೇಳಿದವನಿಗೆ ಆಳಂದ ಸಿಕ್ಕುವುದಿಲ್ಲ. ಪುಸ್ತಕ ಹತ್ತು ಮಾರು ದೂರದಲ್ಲಿದ್ದರೂ ಅವನು ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತದೆ.

ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಅಗ್ರಗಣ್ಯರು ನಮ್ಮವರೇ ಆದ ಶಿಯಾಳಿ ರಾಮಾಮೃತ ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ೧೯೩೩ರಲ್ಲಿ ಅವರ ಕೋಲನ್ ವರ್ಗೀಕರಣ ಹೊರಬಂತು. ಒಂದು ವಿಷಯವನ್ನು ಅದರ ಅಂಗಾಂಗಗಳಾಗಿ ಬಿಡಿಸಿ, ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಪೋಣಿಸಿ, ಪ್ರತಿಯೊಂದು ಕೊಂಡಿಯ ಹೆಸರಿನಿಂದಲೂ ಓದುಗನು ಪುಸ್ತಕವನ್ನು ಮುಟ್ಟುವಂತೆ ಮಾಡುವ ವಿಧಾನವನ್ನು ಅವರು ರೂಪಿಸಿದರು. ಬಾಳಿನ ಕೊನೆಯ ಭಾಗವನ್ನು ಅವರು ಬೆಂಗಳೂರಿನಲ್ಲಿ ಕಳೆದರು. ೧೯೬೨ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ಓದುಗನ ಕಾಲವನ್ನು ಉಳಿಸಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನನ್ನು ದೊರಕಿಸಬೇಕು ಎಂಬುದು ಅವರ ಮತದ ಸಾರ. ಈ ಮತಕ್ಕೆ ಕೆಟ್ಟ ಶೀರ್ಷಿಕೆಗಿಂತ ದೊಡ್ಡ ಶತ್ರು ಇನ್ನೊಂದಿಲ್ಲ.

ಇರಲಿ. ಶೀರ್ಷಿಕೆ ಬೇಕು ಸರಿ. ಆದರೆ ಅದು ಯಾರ ಬಾಯಿಯ ಮಾತು? ಇಲ್ಲಿಂದ ನಮ್ಮ ಕಥೆ ಕಡಲಾಚೆಗೆ ಹೋಗಬೇಕಾಗಿದೆ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾ ಗ್ರಂಥಾಲಯವಿದೆ. ೧೮೯೮ರಿಂದ ಅಲ್ಲಿಯವರು ವಿಷಯ ಶೀರ್ಷಿಕೆಗಳ ಒಂದು ಪಟ್ಟಿಯನ್ನು ಬೆಳೆಸುತ್ತ ಬಂದರು. ಪಟ್ಟಿ ಅಚ್ಚಾಯಿತು, ಅಚ್ಚಾದ ಸೂಚಿಪತ್ರಗಳನ್ನು ಇತರ ಗ್ರಂಥಾಲಯಗಳು ಕೊಂಡವು, ಕಾಲಕ್ರಮೇಣ ಇಂಗ್ಲಿಷ್ ಬಲ್ಲ ಲೋಕದ ಬಹುಭಾಗವೆಲ್ಲ ಆ ಪಟ್ಟಿಯ ಮಾತನ್ನೇ ಆಡತೊಡಗಿತು. ಒಬ್ಬರು ಮಾಡಿದ ಕೆಲಸ ನೂರು ಮಂದಿಗೆ ಉಪಯೋಗವಾದುದು ದೊಡ್ಡ ಲಾಭವೇ ಸರಿ. ಆದರೆ ಒಬ್ಬರ ಪೂರ್ವಗ್ರಹವೂ ಅದೇ ದಾರಿಯಲ್ಲಿ ನೂರು ಊರಿಗೆ ಹೋಗಿ ಸೇರುತ್ತದೆಯಷ್ಟೆ.

ನಮ್ಮನ್ನೇ ತೆಗೆದುಕೊಳ್ಳಿ. ಆ ಪಟ್ಟಿಯಲ್ಲಿ 'ಇಂಡಿಯನ್ಸ್' ಎಂದರೆ ಭಾರತೀಯರಲ್ಲ! ಕೊಲಂಬಸನು ದಾರಿ ತಪ್ಪಿ ಯಾರನ್ನು ಇಂಡಿಯನ್ನರೆಂದು ಕರೆದನೋ ಆ ಅಮೆರಿಕದ ಮೂಲನಿವಾಸಿಗಳೇ ಬಹುಕಾಲ ಆ ಹೆಸರಿನಲ್ಲಿ ಕುಳಿತಿದ್ದರು. ನಿಜವಾದ ಭಾರತೀಯರಿಗೆ 'ಪೂರ್ವದ ಇಂಡಿಯನ್ನರು' ಎಂಬ ಹೊಸ ನಾಮಕರಣವಾಯಿತು. ತನ್ನ ಮನೆಯಲ್ಲೇ ತನಗೆ ಪಕ್ಕದ ಮನೆಯ ವಿಳಾಸ ಬರೆದ ಹಾಗೆ. ನಮಗೆ ಇದು ನಗೆಯ ಮಾತು. ಆಫ್ರಿಕದವರಿಗೆ ಬಂದ ಪಾಡು ಮಾತ್ರ ನಗೆಯದಾಗಿರಲಿಲ್ಲ.

ಆಫ್ರಿಕದ ಬಗೆಗೆ ಪುಸ್ತಕ ಬರೆದವರು ಮೊದಮೊದಲು ಹೊರಗಿನವರು: ಪಾದ್ರಿಗಳು, ವ್ಯಾಪಾರಿಗಳು, ಸೇನಾಧಿಕಾರಿಗಳು, ಆಡಳಿತಗಾರರು. ಅವರು ಆಡಿದ ಹೆಸರುಗಳೇ ಪುಸ್ತಕದಲ್ಲಿ ಬಂದವು. ಪುಸ್ತಕದಿಂದ ಸೂಚಿಗೆ ಇಳಿದವು. ದಕ್ಷಿಣ ಆಫ್ರಿಕದ ಒಂದು ಜನಾಂಗದವರು ಆಡುವ ಮಾತಿನಲ್ಲಿ ನಾಲಗೆಯನ್ನು ಟಕ್ಕೆನ್ನಿಸುವ ಧ್ವನಿಗಳು ಬರುತ್ತವೆ. ಅದನ್ನು ಕೇಳಿದ ಡಚ್ಚರು ಆ ಜನರನ್ನು 'ಹಾಟೆಂಟಾಟ್' ಎಂದು ಕರೆದರು. ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ಖೋಯಿಖೋಯಿ ಎಂದು. ಕಾಡುಪೊದೆಗಳ ನಡುವೆ ಬದುಕುತ್ತಾರೆಂದು ಇನ್ನೊಂದು ಜನಾಂಗಕ್ಕೆ 'ಬುಷ್‌ಮನ್' ಎಂಬ ಹೆಸರಾಯಿತು. ಇನ್ನು 'ಕಾಫಿರ್' ಎಂಬ ಮಾತು. ಕಲಬುರಗಿಯ ಸೀಮೆಯವರಿಗೆ ಆ ಅರಬ್ಬಿ ಪದದ ಮೂಲಾರ್ಥ ತಿಳಿದೇ ಇದೆ. ಪೂರ್ವ ಕರಾವಳಿಯ ಅರಬ್ ವ್ಯಾಪಾರಿಗಳಿಂದ ಪೋರ್ಚುಗೀಜರಿಗೆ, ಅವರಿಂದ ಡಚ್ಚರಿಗೂ ಇಂಗ್ಲಿಷರಿಗೂ ಹೋದ ಆ ಪದ, ದಕ್ಷಿಣ ಆಫ್ರಿಕದಲ್ಲಿ ಕರಿಯ ಜನರನ್ನು ಹೀಯಾಳಿಸುವ ಬೈಗುಳವಾಗಿ ನೆಲೆನಿಂತಿತು. ಇಂದು ಅಲ್ಲಿ ಆ ಮಾತನ್ನು ಒಬ್ಬನ ಮುಖಕ್ಕೆ ಆಡಿದರೆ ನ್ಯಾಯಾಲಯ ಶಿಕ್ಷೆ ವಿಧಿಸಬಲ್ಲುದು. ಆದರೆ ಗ್ರಂಥಾಲಯದ ಸೂಚಿಯಲ್ಲಿ ಅದೇ ಪದ ಶಾಸ್ತ್ರೀಯ ಶೀರ್ಷಿಕೆಯಾಗಿ ಎಷ್ಟೋ ವರ್ಷ ಕುಳಿತಿತ್ತು.

ಒಂದು ಕ್ಷಣ ಯೋಚಿಸಿ. ಅಂಥ ಜನಾಂಗದ ಹುಡುಗನೊಬ್ಬ ತನ್ನ ಅಜ್ಜಂದಿರ ಚರಿತ್ರೆ ಓದಬೇಕೆಂದು ಗ್ರಂಥಾಲಯಕ್ಕೆ ಬರುತ್ತಾನೆ. ಅವನು ತನ್ನ ಕುಲದ ಹೆಸರನ್ನು ಹುಡುಕುತ್ತಾನೆ. ಅಲ್ಲಿ ಏನೂ ಇಲ್ಲ. ಪುಸ್ತಕ ಬೇಕಾದರೆ ಅವನು ತನ್ನನ್ನು ಬೈದ ಮಾತನ್ನೇ ಬಾಯಿಬಿಟ್ಟು ಹೇಳಿ ಕೇಳಬೇಕು. ಇದಕ್ಕಿಂತ ಕಠೋರವಾದ ಸುಂಕದಕಟ್ಟೆ ವಿದ್ಯೆಯ ದಾರಿಯಲ್ಲಿ ಇನ್ನೊಂದಿರಲಾರದು.

೧೯೫೭ರಲ್ಲಿ ಗೋಲ್ಡ್ ಕೋಸ್ಟ್ ಸ್ವತಂತ್ರವಾಗಿ ಘಾನಾ ಆಯಿತು. ೧೯೬೦ ಒಂದೇ ವರ್ಷದಲ್ಲಿ ಆಫ್ರಿಕದ ಹದಿನೇಳು ರಾಷ್ಟ್ರಗಳು ತಲೆಯೆತ್ತಿದವು. ೧೯೬೪ರಲ್ಲಿ ಉತ್ತರ ರೊಡೇಷಿಯ ಜಾಂಬಿಯವಾಯಿತು, ನ್ಯಾಸಾಲೆಂಡ್ ಮಲಾವಿಯಾಯಿತು, ಟಾಂಗನ್ಯಿಕ ಮತ್ತು ಜಾಂಜಿಬಾರ್‌ಗಳು ಕೂಡಿ ಟಾಂಜಾನಿಯವಾಯಿತು. ನಕಾಶೆಯ ಹೆಸರುಗಳು ಬದಲಾದಷ್ಟು ಬೇಗ ಸೂಚಿಯ ಹೆಸರುಗಳು ಬದಲಾಗಲಿಲ್ಲ. ಇದೇ ಹೊತ್ತಿಗೆ ಆಫ್ರಿಕದ ಅಧ್ಯಯನಕ್ಕೆ ಎಲ್ಲೆಡೆಯೂ ಕಳೆಯೇರುತ್ತಿತ್ತು. ನಮ್ಮ ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ ೧೯೫೫ರಲ್ಲಿಯೇ ಆಫ್ರಿಕನ್ ಅಧ್ಯಯನ ವಿಭಾಗ ಹುಟ್ಟಿತು; ೧೯೫೭ರಲ್ಲಿ ಅಮೆರಿಕದಲ್ಲಿ ಆಫ್ರಿಕನ್ ಅಧ್ಯಯನ ಸಂಘ ಸ್ಥಾಪಿತವಾಯಿತು. ೧೯೬೬ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ಕೆನ್ಯದ ನೈರೋಬಿಯಲ್ಲಿ ಕಚೇರಿ ತೆರೆದರು. ಆಫ್ರಿಕದಲ್ಲಿಯೇ ಅಚ್ಚಾದ ಪುಸ್ತಕಗಳು ಹೊರೆಹೊರೆಯಾಗಿ ಹೊರಗೆ ಬರತೊಡಗಿದವು. ಈ ಹೊಸ ಪುಸ್ತಕಗಳು ಬರೆದವರ ಬಾಯಲ್ಲಿ ಒಂದು ಹೆಸರು, ಸೂಚಿಯ ಚೀಟಿಯಲ್ಲಿ ಇನ್ನೊಂದು ಹೆಸರು!

ಈ ವಿಷಮತೆಯನ್ನು ಎತ್ತಿ ಆಡಿದವರಲ್ಲಿ ಸ್ಯಾನ್‌ಫರ್ಡ್ ಬರ್ಮನ್ ಎಂಬ ಅಮೆರಿಕದ ಗ್ರಂಥಪಾಲನ ಹೆಸರು ಮುಂಚೂಣಿಯಲ್ಲಿದೆ. ೧೯೬೮ರಿಂದ ೧೯೭೦ರವರೆಗೆ ಆತ ಜಾಂಬಿಯ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೆಲಸಮಾಡುತ್ತಿದ್ದ. ವಾಷಿಂಗ್ಟನ್ನಿನಲ್ಲಿ ಕಾಗದದ ಮೇಲೆ ನಿರ್ಜೀವವಾಗಿ ಕಾಣುವ 'ಕಾಫಿರ್' ಎಂಬ ಶೀರ್ಷಿಕೆ ಆಫ್ರಿಕದವರ ಕಿವಿಗೆ ಎಂಥ ಬೈಗುಳವಾಗಿ ಬೀಳುತ್ತದೆ ಎಂಬುದು ಆತನಿಗೆ ಅಲ್ಲಿ ಮನವರಿಕೆಯಾಯಿತು. ೧೯೭೧ರಲ್ಲಿ ಆತ ಇಂಥ ನೂರಾರು ಶೀರ್ಷಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಇದು ಏಕೆ ತಪ್ಪು, ಇದರ ಬದಲಿಗೆ ಏನು ಇರಬೇಕು ಎಂದು ತಿಳಿಸುವ ಪುಸ್ತಕವನ್ನೇ ಹೊರತಂದ. ಗ್ರಂಥಪಾಲರಲ್ಲಿ ಹಲವರು ಮೆಚ್ಚಿದರು. ಕೆಲವರು 'ಇದೇನು ದೊಡ್ಡ ಮಾತು, ಹೆಸರು ಹೆಸರಷ್ಟೆ' ಎಂದರು. ಆದರೆ ಬೀಜ ಬಿದ್ದಿತ್ತು.

ಒಬ್ಬನ ಕೂಗು ದೊಡ್ಡ ಪಟ್ಟಿಯನ್ನು ಅಲುಗಿಸಬಹುದು. ತಿದ್ದುವುದಕ್ಕೆ ಹಲವರ ಕೈ ಬೇಕು. ಆಫ್ರಿಕದ ಪುಸ್ತಕಗಳನ್ನು ನೋಡಿಕೊಳ್ಳುವ ಗ್ರಂಥಪಾಲರು ಒಂದು ಪರಿಷತ್ತಾಗಿ ಕೂಡಿದರು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಗೆ ಹೊರಗಿನ ಗ್ರಂಥಾಲಯಗಳೂ ಸಲಹೆ ಕಳುಹಿಸುವ ವ್ಯವಸ್ಥೆ ಏರ್ಪಟ್ಟಮೇಲೆ, ಆಫ್ರಿಕದ ವಿಷಯಗಳಿಗಾಗಿಯೇ ಒಂದು 'ಆಲಿಕೆ'ಯನ್ನು ಅವರು ಮಾಡಿಕೊಂಡರು. ಎಣ್ಣೆಯನ್ನು ಸೀಸೆಗೆ ಹೊಯ್ಯುವಾಗ ಆಲಿಕೆ ಹಿಡಿಯುವುದಿಲ್ಲವೇ, ಹಾಗೆ. ಬೇರೆಬೇರೆ ಊರುಗಳ ಸಣ್ಣ ದೊಡ್ಡ ಗ್ರಂಥಾಲಯಗಳ ಸಲಹೆಗಳು ಒಂದು ಕಡೆ ಬಂದು ಬಿದ್ದು, ಸೋಸಿ ಶುದ್ಧವಾಗಿ ವಾಷಿಂಗ್ಟನ್ನಿಗೆ ಹೋಗಬೇಕು ಎಂಬುದು ಅದರ ಉದ್ದೇಶ.

ಅದರ ಕೆಲಸ ನಡೆಯುವ ಬಗೆ ಸ್ವಾರಸ್ಯವಾಗಿದೆ. ಒಬ್ಬ ಸೂಚೀಕಾರನ ಮೇಜಿಗೆ ಒಂದು ಹೊಸ ಪುಸ್ತಕ ಬರುತ್ತದೆ. ಅದು ಒಂದು ಸಣ್ಣ ಜನಾಂಗದ ಮದುವೆಯ ಪದ್ಧತಿಯನ್ನು ಕುರಿತದ್ದು. ಪಟ್ಟಿಯಲ್ಲಿ ಆ ಜನಾಂಗದ ಹೆಸರೇ ಇಲ್ಲ. ಅವನು ಸುಮ್ಮನೆ 'ಆಫ್ರಿಕ – ಆಚಾರಗಳು' ಎಂದು ಬರೆದು ಕೈತೊಳೆದುಕೊಳ್ಳಬಹುದು. ಹಾಗೆ ಮಾಡಿದರೆ ಆ ಪುಸ್ತಕ ಹತ್ತು ಸಾವಿರ ಪುಸ್ತಕಗಳ ರಾಶಿಯಲ್ಲಿ ಹುದುಗಿಹೋಯಿತೆಂದೇ ಲೆಕ್ಕ. ಆದುದರಿಂದ ಅವನು ಹೊಸ ಶೀರ್ಷಿಕೆಯೊಂದನ್ನು ಸೂಚಿಸುತ್ತಾನೆ. ಪುಸ್ತಕದಲ್ಲಿ ಆ ಹೆಸರು ಹೇಗೆ ಬಂದಿದೆ, ಕೋಶಗಳಲ್ಲಿ ಹೇಗಿದೆ, ನೆರೆಯವರು ಏನೆಂದು ಕರೆಯುತ್ತಾರೆ, ಅವರೇ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂಬ ಸಾಕ್ಷ್ಯಗಳನ್ನೆಲ್ಲ ಪಟ್ಟಿಮಾಡುತ್ತಾನೆ. ಆ ಭಾಗದ ಭಾಷೆ ಬಲ್ಲ ಇನ್ನೊಂದು ಊರಿನ ಗ್ರಂಥಪಾಲನು ಅದನ್ನು ತಿದ್ದುತ್ತಾನೆ. ಬಳಿಕ ವಾಷಿಂಗ್ಟನ್ನಿನವರು ಪರಿಶೀಲಿಸಿ ಒಪ್ಪುತ್ತಾರೆ, ಇಲ್ಲವೇ ಕಾರಣ ಕೊಟ್ಟು ಹಿಂದಕ್ಕೆ ಕಳುಹಿಸುತ್ತಾರೆ.

ತೊಡಕುಗಳು ಒಂದೆರಡಲ್ಲ. ಪೂರ್ವ ಆಫ್ರಿಕದ ಬಂಟು ಭಾಷೆಗಳಲ್ಲಿ ಪದದ ತಲೆಗೇ ಪ್ರತ್ಯಯ ಹತ್ತುತ್ತದೆ. ನಾವು ಕನ್ನಡ, ಕನ್ನಡಿಗ, ಕನ್ನಡಿಗರು ಎಂದು ಬಾಲವನ್ನು ಬದಲಿಸುವಂತೆ ಅವರು ತಲೆಯನ್ನು ಬದಲಿಸುತ್ತಾರೆ. ಯುಗಾಂಡದಲ್ಲಿ ಒಬ್ಬನಾದರೆ ಮುಗಾಂಡ, ಹಲವರಾದರೆ ಬಾಗಾಂಡ, ಅವರ ನಾಡು ಬುಗಾಂಡ, ನುಡಿ ಲುಗಾಂಡ. ಇವೆಲ್ಲ ಒಂದೇ ಮೂಲದ ಕೊಂಬೆಗಳು. ಅಕ್ಷರಾನುಕ್ರಮದ ಸೂಚಿಯಲ್ಲಿ ಇವು ಒಂದು ಇಲ್ಲಿ, ಇನ್ನೊಂದು ಅಲ್ಲಿ ಚೆದರಿಹೋಗುತ್ತವೆ. ಯಾವುದನ್ನು ಮುಖ್ಯವೆಂದು ಹಿಡಿಯಬೇಕು, ಉಳಿದವುಗಳಿಂದ ಹೇಗೆ ಕೈತೋರಿಸಬೇಕು ಎಂಬುದನ್ನು ಆ ಭಾಷೆ ಬಲ್ಲವರೇ ಹೇಳಬೇಕು. ಹೀಗೆ ಒಂದೊಂದು ಪದವನ್ನೂ ಹಿಂಜಿ ನೋಡುವ ಕೆಲಸ ವರ್ಷಗಟ್ಟಲೆ ನಡೆದುಬಂದಿದೆ. 'ಕಾಫಿರ್' ಸೂಚಿಯಿಂದ ಇಳಿಯಿತು. ಹಾಟೆಂಟಾಟರ ಜಾಗದಲ್ಲಿ ಖೋಯಿಖೋಯಿಗಳೂ ಬುಷ್‌ಮನ್ನರ ಜಾಗದಲ್ಲಿ ಸಾನ್ ಜನರೂ ಬಂದರು. ಹಳೆಯ ಹೆಸರನ್ನು ಮಾತ್ರ ಪೂರ್ತಿ ಅಳಿಸಿಹಾಕುವಂತಿಲ್ಲ. ಹಳೆಯ ಪುಸ್ತಕ ಓದಿದವನು ಆ ಹೆಸರಿನಿಂದಲೇ ಬರುತ್ತಾನಲ್ಲವೇ? ಅವನಿಗೆ ಸೂಚಿ ಕೈತೋರಿಸಿ ಸರಿಯಾದ ಹೆಸರಿನತ್ತ ಕಳುಹಿಸುತ್ತದೆ. ಬೈಗುಳ ಸಿಂಹಾಸನದಿಂದ ಇಳಿದು ದಾರಿತೋರುವ ಆಳಾಗುತ್ತದೆ. ಇದು ಒಳ್ಳೆಯ ಶಿಕ್ಷೆಯೆಂದೇ ಹೇಳಬೇಕು.

'ಸರಿ, ಅದು ಅವರ ಮಾತಾಯಿತು, ನಮಗೇನು?' ಎಂದು ನೀವು ಕೇಳಬಹುದು. ಹಾಗೆ ಕೇಳುವ ಮುನ್ನ ಕಲಬುರಗಿಯ ಕೋಟೆಯತ್ತ ಒಮ್ಮೆ ನೋಡಿ. ೧೩೪೭ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಅದರ ರಾಜಧಾನಿ ಇಲ್ಲಿಯೇ ಇತ್ತು. ಆ ರಾಜ್ಯದ ಸೇನೆಯಲ್ಲಿಯೂ ಅರಮನೆಯಲ್ಲಿಯೂ ಆಫ್ರಿಕದಿಂದ, ಬಹುಮಟ್ಟಿಗೆ ಅಬಿಸೀನಿಯದಿಂದ, ಬಂದ ಜನರಿದ್ದರು. ಹಬಶ್ ಎಂದರೆ ಅಬಿಸೀನಿಯ; ಅಲ್ಲಿಯವರು ಹಬಶಿಗಳು. ಹಲವರು ಗುಲಾಮರಾಗಿ ಮಾರಾಟವಾಗಿ ಬಂದವರು. ಆದರೆ ಗುಲಾಮರಾಗಿಯೇ ಉಳಿದವರಲ್ಲ. ಬಹಮನಿ ಆಸ್ಥಾನದಲ್ಲಿ ದಖನಿಗಳಿಗೂ ಪರದೇಶಿ ಸರದಾರರಿಗೂ ಕಲಹವಾದಾಗ ಹಬಶಿಗಳು ದಖನಿಗಳ ಪಕ್ಷದಲ್ಲಿ ನಿಂತರು. ಬೀದರಿನ ಹೊರಗೆ ಇಂದಿಗೂ ಹಬಶಿಕೋಟ ಎಂಬ ಗುಡ್ಡವಿದೆ. ಅಲ್ಲಿ ಅವರ ಗೋರಿಗಳಿವೆ.

ಬಿಜಾಪುರದಲ್ಲಿ ಬಾಲಕನಾದ ಎರಡನೆಯ ಇಬ್ರಾಹಿಂ ಆದಿಲಶಾಹನ ಹೆಸರಿನಲ್ಲಿ ೧೫೮೦ರ ದಶಕದಲ್ಲಿ ರಾಜ್ಯವಾಳಿದವರಲ್ಲಿ ಇಖ್ಲಾಸ್‌ಖಾನ್, ದಿಲಾವರ್‌ಖಾನ್ ಎಂಬ ಹಬಶಿಗಳಿದ್ದರು. ಅಬಿಸೀನಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಅಹಮದ್‌ನಗರದ ಹಬಶಿ ಪೇಶ್ವೆಯೊಬ್ಬನ ಮನೆ ಸೇರಿದ ಮಲಿಕ್ ಅಂಬರ್ ಕೊನೆಗೆ ಆ ರಾಜ್ಯದ ಸೂತ್ರಧಾರನೇ ಆದ. ೧೬೨೪ರಲ್ಲಿ ಭಾತವಡಿಯ ಕಾಳಗದಲ್ಲಿ ಮೊಗಲರನ್ನೂ ಬಿಜಾಪುರದವರನ್ನೂ ಒಟ್ಟಿಗೆ ಸೋಲಿಸಿದ. ಅದರ ಬೆನ್ನಿಗೇ ಭೀಮೆಯ ಸೀಮೆಗೆ ನುಗ್ಗಿ ಬಿಜಾಪುರದ ಪಕ್ಕದ ನವರಸಪುರವನ್ನು ಸೂರೆಮಾಡಿದ. ೧೬೨೬ರಲ್ಲಿ ಅವನು ಸತ್ತ. ಬಿಜಾಪುರದ ಕೊನೆಗಾಲದಲ್ಲಿ ಮಂತ್ರಿಯಾಗಿದ್ದ ಸಿದ್ದಿ ಮಸೂದನೂ ಅದೇ ಮೂಲದವನು. ಇನ್ನು ಹತ್ತಿರದ ಕಾಲಕ್ಕೆ ಬಂದರೆ, ನಮ್ಮ ಈ ಮೂರು ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ ಅವರ ರಾಜಧಾನಿಯಲ್ಲಿ ಆಫ್ರಿಕದ ಅಶ್ವದಳವೊಂದಿತ್ತು. ಹೈದರಾಬಾದಿನಲ್ಲಿ 'ಎ.ಸಿ. ಗಾರ್ಡ್ಸ್' ಎಂಬ ಬಡಾವಣೆಗೆ ಆ ದಳದಿಂದಲೇ ಹೆಸರು ಬಂತು. ಆ ಎರಡು ಅಕ್ಷರಗಳ ಹಿಂದೆ ಆಫ್ರಿಕ ಅಡಗಿದೆಯೆಂದು ಬಸ್ಸಿನಲ್ಲಿ ಹೋಗುವ ಎಷ್ಟು ಮಂದಿಗೆ ಗೊತ್ತು?

ಈಗ ಈ ಚರಿತ್ರೆಯನ್ನೆಲ್ಲ ಗ್ರಂಥಾಲಯದ ಸೂಚಿಯಲ್ಲಿ ಹುಡುಕಲು ಹೊರಡಿ. ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ ಭಾರತದ ಚರಿತ್ರೆಗೆ ೯೫೪, ಆಫ್ರಿಕದ ಚರಿತ್ರೆಗೆ ೯೬೦. ರಂಗನಾಥನ್ನರ ಪದ್ಧತಿಯಲ್ಲಿ ಭಾರತಕ್ಕೆ ೪೪, ಆಫ್ರಿಕಕ್ಕೆ ೬. ಮಲಿಕ್ ಅಂಬರನು ಯಾವ ಕಪಾಟಿನಲ್ಲಿ ನಿಲ್ಲಬೇಕು? ಅವನು ಅಹಮದ್‌ನಗರದ ಪುಸ್ತಕದೊಳಗೆ ನಿಂತರೆ ಆಫ್ರಿಕವನ್ನು ಓದುವವನಿಗೆ ಕಾಣುವುದಿಲ್ಲ. ಅಲ್ಲಿ ಸೂಚಿಯೇ ಸೇತುವೆಯಾಗಬೇಕು. ಆದರೆ ಸೇತುವೆ ಕಟ್ಟುವುದಕ್ಕೆ ಹೆಸರು ಒಂದಾಗಿರಬೇಕಷ್ಟೆ. ಒಬ್ಬರು ಹಬಶಿ ಎನ್ನುತ್ತಾರೆ, ಒಬ್ಬರು ಹಬ್ಸಿ. ಒಬ್ಬರು ಅಬಿಸೀನಿಯನ್, ಒಬ್ಬರು ಇಥಿಯೋಪಿಯನ್. ಒಬ್ಬರು ಸಿದ್ದಿ, ಒಬ್ಬರು ಸೀದಿ. ಆರು ಹೆಸರು, ಆರು ಬಾಗಿಲು, ಒಳಗೆ ಒಂದೇ ಮನೆ.

ಒಂದು ಉದಾಹರಣೆ ಹೇಳಿದರೆ ಸಾಕು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡು ಮೊದಲಾದ ಕಡೆಗಳ ಕಾಡಂಚಿನಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಆಫ್ರಿಕದಿಂದ ಬಂದವರ ಸಂತತಿ ಅವರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಟಿ. ಸಿ. ಪಾಲಾಕ್ಷಪ್ಪನವರು ಅವರನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಅಧ್ಯಯನ ೧೯೭೬ರಲ್ಲಿ ಪ್ರಕಟವಾಯಿತು. ಅದರ ಶಿರೋನಾಮೆಯಲ್ಲಿ ಜಿಲ್ಲೆ 'ನಾರ್ತ್ ಕೆನರಾ' ಆಗಿದೆ. ಜನಾಂಗದ ಹೆಸರು ಯೋಗಿಗಳ 'ಸಿದ್ಧಿ'ಯನ್ನು ಇಂಗ್ಲಿಷಿನಲ್ಲಿ ಬರೆಯುವಂತೆಯೇ ಮಹಾಪ್ರಾಣವಾಗಿ ಬಂದಿದೆ. ಲೇಖಕರದೇನೂ ದೋಷವಿಲ್ಲ, ಅಂದಿನ ರೂಢಿ ಹಾಗಿತ್ತು. ಆದರೆ ಇಂದಿನ ವಿದ್ಯಾರ್ಥಿ 'ಉತ್ತರ ಕನ್ನಡದ ಸಿದ್ದಿಗಳು' ಎಂದು ಕೇಳಿದರೆ, ಶಿರೋನಾಮೆಯೊಂದನ್ನೇ ನಂಬಿದ ಸೂಚಿ ಅವನಿಗೆ ಈ ಪುಸ್ತಕವನ್ನು ಕೊಡಲಾರದು. ಕಂಪ್ಯೂಟರಿನ ಕಾಲದಲ್ಲಿಯೂ ಅಷ್ಟೆ. ಕೊಟ್ಟ ಅಕ್ಷರವನ್ನು ಅದು ಹುಡುಕುತ್ತದೆಯೇ ಹೊರತು, ಮನಸ್ಸಿನಲ್ಲಿದ್ದ ಅರ್ಥವನ್ನಲ್ಲ. ಅರ್ಥವನ್ನು ಮೊದಲೇ ಯಾರಾದರೂ ಕುಳಿತು ಬರೆದಿಟ್ಟಿರಬೇಕು.

ಇದರಲ್ಲಿ ಪಾಂಡಿತ್ಯಕ್ಕಿಂತ ದೊಡ್ಡದಾದ ಸಂಗತಿಯೊಂದು ಅಡಗಿದೆ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಯಲ್ಲಿ ಜನಾಂಗದ ಹೆಸರಿನ ಜೊತೆಗೆ ಜಿಲ್ಲೆಯ ಹೆಸರೂ ಇತ್ತು. ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರ ನೆಂಟರಿಗೆ ಆ ಸೌಲಭ್ಯ ದೊರೆಯಬೇಕಾದರೆ ೨೦೨೦ರ ಕಾಯಿದೆ ಬರಬೇಕಾಯಿತು. ಅದೇ ಕಾಯಿದೆಯಲ್ಲಿ ನಾಯಕ ಎಂಬುದರ ಪರ್ಯಾಯ ನಾಮಗಳಾಗಿ ಪರಿವಾರ, ತಳವಾರ ಎಂಬ ಹೆಸರುಗಳೂ ಸೇರಿದವು. ಪಟ್ಟಿಯಲ್ಲಿ ಒಂದು ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದನ್ನು ಭೀಮಾತೀರದ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನ್ಯಾಟಕದ ಶಾಸನಸಭೆಯ ಮೆಟ್ಟಿಲೇರಿದ ಮೊದಲ ಸಿದ್ದಿಯಾದರು. ಒಂದು ಜನಾಂಗ ತಾನು ಯಾರೆಂದು ಸರಕಾರದ ಮುಂದೆ ಸಿದ್ಧಪಡಿಸಬೇಕಾದಾಗ ಬೇಕಾಗುವುದು ಹಳೆಯ ವರದಿ, ಹಳೆಯ ಪುಸ್ತಕ, ಹಳೆಯ ಕಾಗದ. ಆ ಕಾಗದ ಇದ್ದೂ ಸಿಕ್ಕದೆಹೋದರೆ ಇಲ್ಲದಂತೆಯೇ ಅಲ್ಲವೇ?

ಹಾಗೆ ನೋಡಿದರೆ ನಮ್ಮ ಸ್ವಂತ ತಾಲ್ಲೂಕುಗಳ ಚರಿತ್ರೆಯೂ ಹೆಸರುಗಳ ಬಲೆಯಲ್ಲಿ ಸಿಕ್ಕಿಕೊಂಡಿದೆ. ೧೯೫೬ರ ನವೆಂಬರ್ ೧ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಅಂದಿನ ವರದಿಗಳು ಆ ಹೆಸರಿನಡಿಯಲ್ಲಿವೆ, ಬಹಳಷ್ಟು ಉರ್ದುವಿನಲ್ಲಿವೆ. ಆಮೇಲೆ ಮೈಸೂರು ರಾಜ್ಯದವರಾದೆವು, ೧೯೭೩ರಿಂದ ಕರ್ನಾಟಕದವರು. ಗುಲ್ಬರ್ಗ ೨೦೧೪ರಲ್ಲಿ ಕಲಬುರಗಿಯಾಯಿತು. ೧೯೬೨ರಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದಿಲ್ಲಿ ಕಚೇರಿಯ ಮೂಲಕ ನಮ್ಮ ಕನ್ನಡ ಪುಸ್ತಕಗಳೂ ಅಮೆರಿಕದ ಗ್ರಂಥಾಲಯಗಳಿಗೆ ಹೋಗತೊಡಗಿದವು. ಅಮೆರಿಕದ ಗೋಧಿಗೆ ನಾವು ತೆತ್ತ ರೂಪಾಯಿಯಿಂದಲೇ ಅವುಗಳನ್ನು ಕೊಂಡರು, 'ಪಿ.ಎಲ್. ೪೮೦' ಎಂಬ ಯೋಜನೆ ಅದು. ಆ ಪುಸ್ತಕಗಳಿಗೂ ಅಲ್ಲಿ ಶೀರ್ಷಿಕೆ ಬರೆದಿದ್ದಾರೆ. ಆಫ್ರಿಕದವರಿಗೆ ಬಂದ ಕಷ್ಟ ನಮಗೂ ಹೊರತಲ್ಲ.

ಹಾಗಾದರೆ ಏನು ಮಾಡಬೇಕು? ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ನಮ್ಮ ರಾಜ್ಯದ ಊರೂರಿಗೂ ಗ್ರಂಥಾಲಯ ತಲಪುವ ದಾರಿ ತೆರೆಯಿತು. ವಾಷಿಂಗ್ಟನ್ನಿನ ಪಟ್ಟಿ ಬದಲಾಗುವುದನ್ನು ಕಾಯುತ್ತ ಕೂರಬೇಕಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಗ್ರಂಥಪಾಲರು ಕೂಡಿ ಒಂದು ನೂರು ಹೆಸರುಗಳ ಪಟ್ಟಿ ಮಾಡಬಹುದು: ಊರುಗಳ ಹಳೆಯ ಹೊಸ ಹೆಸರು, ಶರಣರ ಹೆಸರು ಮತ್ತು ಅಂಕಿತ, ದರ್ಗಾ ಮಠಗಳ ಹೆಸರು, ಬೆಳೆಗಳ ಹೆಸರು, ಜನಾಂಗಗಳು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಹಬಶಿ ಎಂಬಲ್ಲಿ ಸಿದ್ದಿಗೂ, ಜೋಳ ಎಂಬಲ್ಲಿ ಆಫ್ರಿಕಕ್ಕೂ ಒಂದು ಕೈತೋರಿಕೆ ಇರಲಿ. ಕನ್ನಡ ಬಲ್ಲವರು, ಉರ್ದು ಬಲ್ಲವರು, ಮರಾಠಿ ಬಲ್ಲವರು ಈ ಸೀಮೆಯಲ್ಲಿ ಒಂದೇ ಓಣಿಯಲ್ಲಿ ಸಿಕ್ಕುತ್ತಾರೆ. ಲೋಕದ ಎಷ್ಟೋ ದೊಡ್ಡ ಗ್ರಂಥಾಲಯಗಳಿಗೆ ಈ ಭಾಗ್ಯವಿಲ್ಲ.

ಓದುಗರಾದ ನಿಮ್ಮ ಪಾಲಿನ ಕೆಲಸವೂ ಇದೆ. ಪುಸ್ತಕ ಕೇಳಿ ಸಿಕ್ಕದೆಹೋದಾಗ 'ಇಲ್ಲವಂತೆ' ಎಂದು ಹಿಂತಿರುಗಬೇಡಿ. ನೀವು ಯಾವ ಹೆಸರಿನಿಂದ ಕೇಳಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗ್ರಂಥಪಾಲರ ಕೈಗೆ ಕೊಡಿ. ನಿಮ್ಮ ಅಜ್ಜಿ ಆ ಊರಿಗೆ, ಆ ಗಿಡಕ್ಕೆ, ಆ ಜನಕ್ಕೆ ಏನೆನ್ನುತ್ತಿದ್ದರೋ ಅದನ್ನೂ ಕೆಳಗೆ ಬರೆಯಿರಿ. ಆಫ್ರಿಕದ ಹೆಸರುಗಳು ಸರಿಹೋದದ್ದು ಇಂಥ ಚೀಟಿಗಳಿಂದಲೇ, ಒಂದೊಂದು ಪದದಂತೆ, ಹಲವು ಊರುಗಳ ಕೈ ಸೇರಿ. ನಾಳೆ ಯಾವುದೋ ಹುಡುಗಿ ಬಂದು ತನ್ನವರ ಹೆಸರನ್ನು ತನ್ನ ಬಾಯಿಂದಲೇ ಹೇಳಿದಾಗ, ಕಪಾಟಿನಲ್ಲಿರುವ ಪುಸ್ತಕ ಆ ಹೆಸರಿಗೆ ಓಗೊಡುವಂತಿರಬೇಕು.